ಯಾವ ಊರು, ಯಾರ ಪೈಕಿ?

1707ರಲ್ಲಿ ಔರಂಗಜೇಬ ತೀರಿಕೊಂಡ ಮೇಲೆ ಮೊಗಲರ ಸೆರೆಯಿಂದ ಹೊರಬಿದ್ದ ಶಾಹೂ ಮಹಾರಾಜ ದಕ್ಷಿಣಕ್ಕೆ ಬರುತ್ತಿದ್ದ. ಔರಂಗಾಬಾದ್ ಕಡೆಯ ಒಂದು ಹಳ್ಳಿಯಲ್ಲಿ ಊರಿನ ಪಾಟೀಲ ತನ್ನ ಜನ ಕಟ್ಟಿಕೊಂಡು ಅಡ್ಡ ನಿಂತ. ಕಾಳಗವಾಯಿತು, ಪಾಟೀಲ ಸತ್ತ. ಅವನ ಹೆಂಡತಿ ಎಳೆಯ ಮಗನನ್ನು ಎತ್ತಿಕೊಂಡು ಬಂದು ಶಾಹೂವಿನ ಮುಂದೆ ಹಾಕಿ ಕಾಪಾಡು ಎಂದಳು. ಶಾಹೂ ಆ ಮಗುವನ್ನು ತನ್ನ ಮನೆಯ ಮಗನನ್ನಾಗಿ ಮಾಡಿಕೊಂಡ. ರಾಣೋಜಿ ಲೋಖಂಡೆ ಎಂದು ಹುಟ್ಟಿದವನು ಫತೇಸಿಂಹ ಭೋಸಲೆ ಆದ. ಅವನಿಗೆ ಸಿಕ್ಕ ಜಹಗೀರೇ ಅಕ್ಕಲಕೋಟೆ. 1725ರಿಂದ 1727ರವರೆಗೆ ನಡೆದ ಮರಾಠರ ಕರ್ನಾಟಕ ದಂಡಯಾತ್ರೆಗೆ ಹೆಸರಿಗಾದರೂ ಮುಂದಾಳು ಇವನೇ.

ಇತಿಹಾಸ ಬರೆಯುವವರಿಗೆ ಆ ದಂಡಯಾತ್ರೆ ಮುಖ್ಯ. ನನ್ನ ಮನಸ್ಸು ಹೋಗಿ ನಿಲ್ಲುವುದು ಬೇರೆ ಕಡೆ. ಅಪ್ಪನನ್ನು ಕೊಂದ ದಂಡಿನ ಒಡೆಯನ ಪಂಕ್ತಿಯಲ್ಲೇ ಕೂತು ಉಂಡು ಬೆಳೆದ ಹುಡುಗ ಅವನು. ಯಾರಾದರೂ ‘ನೀ ಯಾರ ಪೈಕಿ?’ ಎಂದು ಕೇಳಿದರೆ ಲೋಖಂಡೆಯವರ ಹೆಸರು ಹೇಳಬೇಕೋ, ಭೋಸಲೆಯವರದೋ? ಹೆತ್ತ ತಾಯಿ ಎದುರಿಗೆ ಬಂದರೆ ಏನೆಂದು ಕರೆಯಬೇಕು? ಆ ಹಳ್ಳಿಯ ಹಾದಿಯಲ್ಲಿ ಮತ್ತೆ ಹೋಗಬೇಕಾಗಿ ಬಂದರೆ ಕುದುರೆಯಿಂದ ಇಳಿಯಬೇಕೋ ಬೇಡವೋ? ಪಾತ್ರದಾಟ ಆಡುವವರಿಗೆ ಇಂಥ ಪ್ರಶ್ನೆಗಳೇ ಬೇಕಾದ್ದು.

ಪಾತ್ರದಾಟ ಎಂದು ನಾನು ಕರೆಯುತ್ತಿರುವುದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮನ್ನು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಸೂತ್ರಧಾರ, ಉಳಿದವರು ತಲಾ ಒಂದು ಪಾತ್ರ. ವೇಷವಿಲ್ಲ, ರಂಗವಿಲ್ಲ, ಬರೆದಿಟ್ಟ ಮಾತಿಲ್ಲ. ಸೂತ್ರಧಾರ ಸನ್ನಿವೇಶ ಹೇಳುತ್ತಾನೆ, ಪಾತ್ರಧಾರಿ ‘ನಾ ಹೀಂಗ ಮಾಡ್ತೀನಿ’ ಎನ್ನುತ್ತಾನೆ, ಆಗುತ್ತದೋ ಇಲ್ಲವೋ ಅನುಮಾನವಿದ್ದರೆ ದಾಳ ಉರುಳುತ್ತದೆ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದಾಗ ಪಾತ್ರಕ್ಕೆ ಹಿಂದಿನದು ಎಂಬುದೇ ಇರಲಿಲ್ಲ. ಮೂರು ದಾಳ ಉರುಳಿಸಿ ಬಲ, ಬುದ್ಧಿ, ಚುರುಕು ಮೊದಲಾದ ಆರು ಗುಣಗಳಿಗೆ ಅಂಕ ಬರೆದುಕೊಂಡು ನೆಲಮಾಳಿಗೆಗೆ ಇಳಿದರಾಯಿತು. 1977ರಲ್ಲಿ ಬಂದ ‘ಟ್ರಾವೆಲರ್’ ಆಟದಲ್ಲಿ ಪಾತ್ರ ಹಿಂದೆ ಯಾವ ನೌಕರಿಯಲ್ಲಿತ್ತು ಎಂಬುದನ್ನು ನಾಲ್ಕು ನಾಲ್ಕು ವರ್ಷಗಳ ಅವಧಿಯಾಗಿ ದಾಳದಿಂದಲೇ ಕಟ್ಟುತ್ತಿದ್ದರು; ದಾಳ ಕೈಕೊಟ್ಟರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗುತ್ತಿತ್ತು. 1981ರ ‘ಕಾಲ್ ಆಫ್ ಕ್ತುಲು’ವಿನಲ್ಲಿ ವೀರರ ಬದಲು ಪತ್ರಕರ್ತರು, ವೈದ್ಯರು, ಮೇಷ್ಟರು ಪಾತ್ರಗಳಾದರು. 2014ರ ಹೊತ್ತಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಐದನೇ ಆವೃತ್ತಿ ಹಿನ್ನೆಲೆಗೆಂದೇ ಒಂದು ಅಧ್ಯಾಯ ಕೊಟ್ಟಿತು: ಸ್ವಭಾವ, ಆದರ್ಶ, ನಂಟು, ದೌರ್ಬಲ್ಯ, ಇವಿಷ್ಟನ್ನು ಬರೆದುಕೊಂಡೇ ಮುಂದೆ ಹೋಗಬೇಕು.

ನಮ್ಮ ಕಡೆಯವರಿಗೆ ಇದು ಪೂರ್ತಿ ಹೊಸದೇನಲ್ಲ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದು ಕುಣಿದು ನಿಂತ ಕೂಡಲೇ ಸಾರಥಿ ಎದುರಾಗುತ್ತಾನೆ. ತಾವು ಯಾರು, ಹೆಸರೇನು, ಯಾವ ಪಟ್ಟಣ, ಬಂದ ಕಾರಣವೇನು ಎಂದು ಒಂದೊಂದಾಗಿ ಕೇಳುತ್ತಾನೆ. ನೋಡುವವರಿಗೆಲ್ಲ ಅದು ದುರ್ಯೋಧನ ಎಂದು ಗೊತ್ತೇ ಇರುತ್ತದೆ. ಆದರೂ ಕೇಳಬೇಕು, ಅವನು ತನ್ನ ಬಾಯಿಂದಲೇ ಹೇಳಬೇಕು. ಕರಾವಳಿಯ ತಾಳಮದ್ದಳೆಯವರು ಇದನ್ನು ಇನ್ನೂ ದೂರ ಒಯ್ದಿದ್ದಾರೆ. ವೇಷ ತೊಡದೆ ಕೂತು, ಆಗಿಂದಾಗ ಹುಟ್ಟುವ ಮಾತಿನಲ್ಲೇ ಇಡೀ ರಾತ್ರಿ ಕಳೆಯುವ ಆ ಕಲೆಯಲ್ಲಿ ಅರ್ಥಧಾರಿ ಮೊದಲು ಹಾಕುವುದು ಪೀಠಿಕೆ. ಕಾಸರಗೋಡು ನೆಲದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಪೀಠಿಕೆಯಲ್ಲಿ ವಾಲಿಯನ್ನೋ ರಾವಣನನ್ನೋ ನಿಲ್ಲಿಸಿದರೆ ಎದುರಿನ ಅರ್ಥಧಾರಿ ಅದರಲ್ಲಿ ಯಾವ ಎಳೆ ಹಿಡಿದು ಎಳೆಯಬಹುದು ಎಂದು ಕಿವಿಗೊಟ್ಟು ಕೂರುತ್ತಿದ್ದ. ಪಾತ್ರದ ಹಿಂದಿನದನ್ನು ಹೇಳುವುದು ಎದುರಿನವನ ಕೈಗೆ ಹಿಡಿಯಲು ಏನನ್ನಾದರೂ ಕೊಡುವುದಕ್ಕೆ. ಇವತ್ತಿನ ಪಾತ್ರದಾಟದವರು ಎಷ್ಟೋ ಸಲ ಮರೆಯುವುದು ಇದನ್ನೇ.

ಸೊಲ್ಲಾಪುರದ ನಮ್ಮ ಮಾಳಿಗೆ ಮೇಲೆ ಭಾನುವಾರ ಮಧ್ಯಾಹ್ನ ಕೂಡಿ ಆಡುವ ಆಟ ನಡೆಯುವುದು 1930ರ ಸೊಲ್ಲಾಪುರದಲ್ಲಿ. ಸೂತ್ರಧಾರಿಕೆ ನನ್ನದು. ತಂಗಿಯ ಮಗಳು ಮೊದಲ ಬಾರಿಗೆ ತನ್ನ ಪಾತ್ರದ ಪೂರ್ವಕಥೆ ಬರೆದು ತಂದಾಗ ಅದು ಮೂರು ಪುಟ ಇತ್ತು. ಹೆಸರು ನೀಲವ್ವ. ಹುಟ್ಟುತ್ತಲೇ ತಾಯಿ ಇಲ್ಲ, ತಂದೆಯನ್ನು ಯಾರೋ ಕೊಂದಿದ್ದಾರೆ, ಊರು ಸುಟ್ಟುಹೋಗಿದೆ, ಕೈಯಲ್ಲಿ ಕತ್ತಿ, ಮನಸ್ಸಿನಲ್ಲಿ ಸೇಡು. ಹುಡುಗಿ ಕಷ್ಟಪಟ್ಟು, ಪ್ರೀತಿಯಿಂದ ಬರೆದಿದ್ದಳು. ಆದರೆ ಆ ಮೂರು ಪುಟದಲ್ಲಿ ಜೀವಂತ ಇರುವ ಒಬ್ಬ ನೆಂಟನಿರಲಿಲ್ಲ. ಈ ಆಟಗಳಲ್ಲಿ ಲೋಕದೆಲ್ಲೆಡೆ ಅನಾಥರೇ ಹೆಚ್ಚು, ಯಾಕೆಂದರೆ ಅನಾಥನಿಗೆ ಯಾರೂ ‘ಎಲ್ಲಿಗೆ ಹೊಂಟಿ?’ ಎಂದು ಕೇಳುವುದಿಲ್ಲ. ಸೊಲ್ಲಾಪುರದಲ್ಲಿ ಮಾತ್ರ ಆ ಪ್ರಶ್ನೆ ಕೇಳಿಸಿಕೊಳ್ಳದೆ ಓಣಿ ದಾಟುವುದಾಗುವುದಿಲ್ಲ. ಆ ಪ್ರಶ್ನೆ ಕೇಳುವ ಜನರಿಂದಲೇ ಕಥೆ ಹುಟ್ಟಬೇಕು.

ಪುಟಗಳನ್ನು ಮಡಚಿಟ್ಟು ಸಾರಥಿಯ ಕೆಲಸ ಶುರು ಮಾಡಿದೆ.

‘ಎಲ್ಲಿ ಇರ್ತಿ ನೀಲವ್ವ, ಸೊಲ್ಲಾಪುರದಾಗ?’

‘ಸೋದರಮಾವನ ಮನ್ಯಾಗ್ರಿ.’

‘ಬಾಡಿಗಿ ಕೊಡ್ತಿಯೇನು?’

‘ಇಲ್ರಿ.’

‘ಮಾಮಿ ಏನೂ ಅನ್ನೂದಿಲ್ಲ?’

ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು: ‘ಬಾಯಿ ಬಿಟ್ಟು ಅನ್ನೂದಿಲ್ರಿ. ರೊಟ್ಟಿ ಎಣಸ್ತಾಳ.’

ನೀಲವ್ವ ಹುಟ್ಟಿದ್ದು ಆ ಮಾತಿನಲ್ಲಿ. ಅಲ್ಲಿಂದ ಒಂದು ತಾಸಿನಲ್ಲಿ ಪಾತ್ರದ ಹಾಳೆ ಹೀಗೆ ನಿಂತಿತು: ನೀಲವ್ವ, ಇಪ್ಪತ್ತೆರಡು ವರ್ಷ. ಅಕ್ಕಲಕೋಟೆ ಸಂಸ್ಥಾನದ ಹಳ್ಳಿಯವಳು, ಜುನಿ ಮಿಲ್ಲಿನ ರೀಲಿಂಗ್ ಖಾತೆಯಲ್ಲಿ ಕೆಲಸ. ಸೋದರಮಾವನ ಮನೆಯಲ್ಲಿದ್ದಾಳೆ, ಮಾಮಿಗೆ ಬೇಡವಾಗಿದ್ದಾಳೆ. ತಮ್ಮ ಮೇ 8ರ ಬೇಸ್ತವಾರದಿಂದ ಮನೆಗೆ ಬಂದಿಲ್ಲ. ಅವನು ಹೋದ ದಿಕ್ಕು ಗೊತ್ತಿರುವುದು ಜಾಬರನೊಬ್ಬನಿಗೆ. ಬೋರಮಾಳ ಸರ ಅಂಬಯ್ಯನ ಹತ್ತಿರ ಒತ್ತೆ ಇದೆ. ಮರಾಠಿ ಬರುತ್ತದೆ, ಪೊಲೀಸರ ಮುಂದೆ ಬರುವುದಿಲ್ಲ ಎನ್ನುತ್ತಾಳೆ.

ಅರ್ಧ ಪುಟವೂ ಇಲ್ಲ. ಆದರೆ ಇದರಲ್ಲಿ ಪ್ರತಿ ಸಾಲಿನ ಇನ್ನೊಂದು ತುದಿ ಬೇರೆ ಯಾರದೋ ಕೈಯಲ್ಲಿದೆ. ಅಂಬಯ್ಯ ಇನ್ನೊಬ್ಬ ಆಟಗಾರನ ಪಾತ್ರ, ತೆಲಂಗಾಣದಿಂದ ಬಂದು ಮಗ್ಗ ಹೂಡಿದ ಪದ್ಮಶಾಲಿ ನೇಕಾರ. ಒತ್ತೆಯ ಸರ ಅವನ ಹಾಳೆಯಲ್ಲೂ ಇದೆ, ಆದರೆ ಅವನು ಅದನ್ನು ಆಗಲೇ ಮಾರಿಬಿಟ್ಟಿದ್ದಾನೆ ಎಂದು ಅಲ್ಲಿ ಬರೆದಿದೆ. ಜಾಬರ ನನ್ನ ಕೈಯವನು. ಆ ಕಾಲದ ಮಿಲ್ಲುಗಳಲ್ಲಿ ಕೂಲಿಯವರನ್ನು ಸೇರಿಸಿಕೊಳ್ಳುವುದು, ಬಿಡಿಸುವುದು, ಬದ್ಲಿಯವರಿಗೆ ಇವತ್ತು ಕೆಲಸ ಇದೆಯೋ ಇಲ್ಲವೋ ಎಂದು ಬಾಗಿಲಲ್ಲೇ ಹೇಳುವುದು, ಎಲ್ಲಕ್ಕೂ ಜಾಬರನೇ. ಅವನ ಕೈ ಬಿಸಿ ಮಾಡದೆ ಪಾಳಿ ಸಿಗುತ್ತಿರಲಿಲ್ಲ. ಇಂಥವನ ಹತ್ತಿರ ತಮ್ಮನ ಸುದ್ದಿ ಕೇಳಬೇಕಾದ ಹೆಣ್ಣುಮಗಳಿಗೆ ಕತ್ತಿ ಬೇಕಾಗಿಲ್ಲ. ಭೋಂಗಾ ಕೂಗಿದ ಮೇಲೆ ಮಿಲ್ಲಿನ ಗೇಟಿನಲ್ಲಿ ಅವನ ಎದುರು ನಿಲ್ಲುವುದಕ್ಕೇ ಸಾಕಷ್ಟು ಧೈರ್ಯ ಬೇಕು.

ಜುನಿ ಮಿಲ್ ಎಂದರೆ 1877ರಲ್ಲಿ ಶುರುವಾದ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್. ಊರನ್ನು ಊರು ಮಾಡಿದ್ದು ಇದು ಮತ್ತು ಇದರ ಹಿಂದೆ ಬಂದ ಲಕ್ಷ್ಮಿ, ವಿಷ್ಣು, ನರಸಿಂಗ ಗಿರಜಿ ಮಿಲ್ಲುಗಳು. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಆಡುವವರೆಲ್ಲ ಒಂದೇ ಸೂರಿನಡಿ ಪಾಳಿ ಮುಗಿಸಿ ತಂತಮ್ಮ ಪೇಟೆಗೆ ನಡೆದ ಊರು. ಆದ್ದರಿಂದ ಇಲ್ಲಿಯ ಪಾತ್ರಕ್ಕೆ ಯಾವ ಭಾಷೆ ಎಂದು ಕೇಳಿದರೆ ಸಾಲದು, ಯಾರ ಹತ್ತಿರ ಯಾವ ಭಾಷೆ ಎಂದು ಕೇಳಬೇಕು. ಮನೆಯಲ್ಲಿ ಒಂದು, ಖಾತೆಯಲ್ಲಿ ಒಂದು, ಸಾಲ ಕೇಳುವಾಗ ಒಂದು. ನೀಲವ್ವ ಮರಾಠಿ ಮುಚ್ಚಿಡುವುದು ಪೊಲೀಸರು ತಮ್ಮತಮ್ಮಲ್ಲೇ ಆಡುವ ಮಾತು ಕಿವಿಗೆ ಬೀಳಲಿ ಎಂದು.

ಆ ಬೇಸ್ತವಾರ ಏನಾಯಿತು ಎಂಬುದನ್ನು ಹೇಳಲೇಬೇಕು. 1930ರ ಮೇ 5ರಂದು ಗಾಂಧೀಜಿಯ ಬಂಧನವಾಯಿತು. ಸುದ್ದಿ ಬಂದ ಮೇಲೆ ಸೊಲ್ಲಾಪುರದಲ್ಲಿ ಹರತಾಳ, ಮೆರವಣಿಗೆ. 8ರಂದು ರೂಪಾಭವಾನಿ ಗುಡಿಯ ಕಡೆ ಜನ ಶಿಂದಿಯ ಗಿಡ ಕಡಿಯಲು ಹೋದರು, ಬಂಧನಗಳಾದವು, ಗೋಲಿಬಾರಾಯಿತು. ರೊಚ್ಚಿಗೆದ್ದ ಜನ ಪೊಲೀಸ್ ಚೌಕಿಗೂ ಕೋರ್ಟಿಗೂ ಬೆಂಕಿ ಇಟ್ಟರು, ಪೊಲೀಸರೂ ಸತ್ತರು. ಮುಂದಿನ ಕೆಲವು ದಿನ ಊರಿನಲ್ಲಿ ಬ್ರಿಟಿಷರ ಆಡಳಿತವೇ ಇರಲಿಲ್ಲ. ಮೇ 12ಕ್ಕೆ ಮಾರ್ಷಲ್ ಲಾ ಬಂತು, ಜೂನ್ 30ರವರೆಗೂ ಇತ್ತು. ಗಾಂಧಿ ಟೊಪ್ಪಿಗೆ ಹಾಕಿದವರಿಗೂ ಶಿಕ್ಷೆ. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್ ನಾಲ್ವರನ್ನೂ ಆ ಗಲಭೆಯ ಪ್ರಕರಣದಲ್ಲಿ 1931ರ ಜನವರಿ 12ರ ಸೋಮವಾರ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅದೂ ಸಂಕ್ರಾಂತಿಯ ಹೊಸ್ತಿಲಲ್ಲಿ, ಊರು ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಗೆ ಅಣಿಯಾಗುವ ವಾರದಲ್ಲಿ.

ಈ ನಾಲ್ವರ ಪಾತ್ರವನ್ನು ನಾವು ಯಾರೂ ವಹಿಸುವುದಿಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ. ಅವರ ಹೆಸರಿನ ಚೌಕದಲ್ಲಿ ಇವತ್ತಿಗೂ ಹೂಮಾಲೆ ಬೀಳುತ್ತದೆ. ಅವರ ಬಾಯಲ್ಲಿ ನಮ್ಮ ಮಾತು ಹಾಕಿ, ಅವರ ಹಣೆಬರಹಕ್ಕೆ ದಾಳ ಉರುಳಿಸುವುದು ನನ್ನಿಂದಾಗದು. ಆಟಕ್ಕೆ ಬೇಕಾದವರು ಅವರ ಪಕ್ಕದಲ್ಲಿ ಇದ್ದ, ಹೆಸರು ಉಳಿಯದ ಜನ: ಆ ದಿನ ಗುಂಪಿನಲ್ಲಿ ನಿಂತು ಮರುದಿನ ಕೆಲಸಕ್ಕೆ ಹೋದವರು, ತಮ್ಮನನ್ನು ಹುಡುಕಿದವರು, ಟೊಪ್ಪಿಗೆಯನ್ನು ಹಿಟ್ಟಿನ ಡಬ್ಬಿಯಲ್ಲಿ ಅಡಗಿಸಿಟ್ಟವರು.

ಹಾಳೆಯಲ್ಲಿ ಅಕ್ಕಲಕೋಟೆ ಬಂದದ್ದಕ್ಕೂ ಕಾರಣವಿದೆ. ಸೊಲ್ಲಾಪುರದಿಂದ ನಲವತ್ತು ಕಿಲೋಮೀಟರ್ ಹತ್ತಿರ ದೂರದ ಆ ಊರು ಆಗ ಫತೇಸಿಂಹನ ವಂಶದವರ ಸಂಸ್ಥಾನ, ಅಲ್ಲಿ ಬೇರೆ ದರ್ಬಾರು. ರೈಲು ಹತ್ತಿ ಅಕ್ಕಲಕೋಟೆ ರೋಡಿನಲ್ಲಿ ಇಳಿದು ಸುಮಾರು ಹತ್ತು ಕಿಲೋಮೀಟರ್ ನಡೆದರೆ ಪೇಟೆ. ಅಲ್ಲಿ ಸ್ವಾಮಿ ಸಮರ್ಥರ ಆಲದ ಮರದ ಕೆಳಗೆ ಬಂದವರ ನಡುವೆ ಹೊಸಬನೊಬ್ಬ ಯಾರ ಕಣ್ಣಿಗೂ ಬೀಳದೆ ಇರಬಹುದು. ನೀಲವ್ವನ ತಮ್ಮ ಅಲ್ಲಿದ್ದಾನೋ ಇಲ್ಲವೋ ನಾನು ಇಲ್ಲಿ ಬರೆಯುವುದಿಲ್ಲ, ಹುಡುಗಿ ಈ ಪುರವಣಿ ಓದುತ್ತಾಳೆ.

ಸ್ವಾಮಿ ಸಮರ್ಥರ ಹೆಸರು ಬಂದಾಗ ಒಂದು ಮಾತು. ಅವರು 1857ರ ಸುಮಾರಿಗೆ ಅಕ್ಕಲಕೋಟೆಗೆ ಬಂದು, ಚೋಳಪ್ಪನ ಮನೆಯಲ್ಲಿ ನೆಲೆಸಿ, 1878ರ ಏಪ್ರಿಲ್ 30ರಂದು ದೇಹ ಬಿಟ್ಟರು. ಹುಟ್ಟಿದ ಊರು ಯಾವುದು, ತಂದೆ ತಾಯಿ ಯಾರು, ಯಾವುದೂ ಇಲ್ಲ. ಶ್ರೀಶೈಲದ ಕರ್ದಳಿ ಕಾಡಿನಲ್ಲಿ ಹುತ್ತದೊಳಗೆ ತಪಸ್ಸಿಗೆ ಕೂತಿದ್ದರು, ಮರ ಕಡಿಯುವವನ ಕೊಡಲಿ ತಗುಲಿ ಎದ್ದು ಬಂದರು ಎಂದು ಭಕ್ತರು ಹೇಳುತ್ತಾರೆ. ಇದನ್ನು ಓದಿದ ಆಟಗಾರರಿಗೆ ತಮ್ಮ ಪಾತ್ರಕ್ಕೂ ಏನೂ ಹಿಂದಿನದು ಬೇಡ, ನಿಗೂಢವಾಗಿರಲಿ ಎಂದು ಆಸೆಯಾಗುತ್ತದೆ. ಸ್ವಾಮಿಗಳ ವಿಷಯದಲ್ಲಿ ಅದು ನಿಂತದ್ದು ಸುತ್ತಲಿನ ಊರು ಅವರನ್ನು ಹೊತ್ತುಕೊಂಡಿದ್ದರಿಂದ. ಚೋಳಪ್ಪ ಅನ್ನ ಇಟ್ಟ, ಸಂಸ್ಥಾನದ ಅರಸ ಕೈಮುಗಿದ, ಜನ ದಿನಕ್ಕೊಂದು ಅನುಭವ ಹೇಳಿಕೊಂಡರು. ಮೇಜಿನಲ್ಲಿ ಮೂಲ ಹೇಳದ ಪಾತ್ರ ಆಡಬೇಕೆಂದರೆ ಉಳಿದ ಆಟಗಾರರು ಒಬ್ಬೊಬ್ಬರೂ ಅವನ ಬಗ್ಗೆ ತಾವು ನಂಬಿದ್ದನ್ನು ಬರೆಯಬೇಕು. ಅಷ್ಟು ಮಾಡಲು ಅವರು ಒಪ್ಪಿದರೆ ಆಡಬಹುದು.

ಹಾಳೆಯಲ್ಲಿ ಒಂದು ತೀರದ ಬಾಕಿ ಇದ್ದರೆ ಅದು ಎಷ್ಟು ದೂರ ಎಳೆಯುತ್ತದೆ ಎಂಬುದಕ್ಕೆ ಸೊಲ್ಲಾಪುರದ ಕೋಟೆಯೇ ಸಾಕ್ಷಿ. 1524ರಲ್ಲಿ ವಿಜಯಪುರದ ಇಸ್ಮಾಯಿಲ್ ಆದಿಲಶಹನ ಸಹೋದರಿ ಮರಿಯಂಳನ್ನು ಅಹ್ಮದನಗರದ ಬುರ್ಹಾನ್ ನಿಜಾಮಶಹನಿಗೆ ಕೊಟ್ಟು ಮದುವೆಯಾಯಿತು. ಬಳುವಳಿಗೆ ಈ ಕೋಟೆ ಎಂದು ಮಾತಾಗಿತ್ತು. ಕೊಡಲಿಲ್ಲ. ಮರುವರ್ಷವೇ ದಂಡು ಬಂತು, ಮುಂದೆ ದಶಕಗಳ ಕಾಲ ಎರಡು ಮನೆತನಗಳು ಅದಕ್ಕಾಗಿ ಬಡಿದಾಡಿದವು. ನೀಲವ್ವನ ಸರವೂ ಅದೇ ಜಾತಿಯದು. ಗಾತ್ರ ಮಾತ್ರ ಸಣ್ಣದು.

ಜಾತಿಯ ಮಾತು ತಪ್ಪಿಸಿ 1930ರ ಯಾವ ಪಾತ್ರವನ್ನೂ ಕಟ್ಟಲಾಗದು. ಯಾವ ಬಾವಿಯ ನೀರು, ಯಾವ ಪೇಟೆಯಲ್ಲಿ ಮನೆ, ಯಾರ ಕೈಯ ಊಟ ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತಿತ್ತು. ಅದನ್ನು ಒರೆಸಿಹಾಕಿದರೆ ಸುಳ್ಳು. ಬೈಗುಳವನ್ನೆಲ್ಲ ಮೇಜಿನ ಮೇಲೆ ತಂದರೆ ಕೂತವರಲ್ಲಿ ಯಾರಿಗೋ ಅದು ಆಟವಾಗಿ ಉಳಿಯುವುದಿಲ್ಲ. ನಾವು ದಾಳ ತೆಗೆಯುವ ಮೊದಲೇ ಕೂತು ಮಾತಾಡಿಕೊಂಡೆವು: ಅಡ್ಡಿ ಇರುತ್ತದೆ, ಅದರ ಪರಿಣಾಮ ಇರುತ್ತದೆ, ಆದರೆ ಅವಮಾನದ ಮಾತನ್ನು ಯಾರೂ ಆಡಿ ತೋರಿಸುವುದಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸೆಟ್ಲಮೆಂಟ್. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ಪುಸ್ತಕದಲ್ಲಿ ಆರಿಸಿಕೊಳ್ಳಬಹುದಾದ ಹಿನ್ನೆಲೆಗಳ ಪಟ್ಟಿಯಿದೆ, ಅದರಲ್ಲಿ ಒಂದು ‘ಅಪರಾಧಿ’. ಆಟಗಾರರು ಖುಷಿಯಿಂದ ಆರಿಸಿಕೊಳ್ಳುವ ಹಿನ್ನೆಲೆ ಅದು. ಸೊಲ್ಲಾಪುರದಲ್ಲಿ ಅದನ್ನು ಹುಟ್ಟಿದ ಕೂಡಲೇ ಸರಕಾರವೇ ಬರೆದುಕೊಟ್ಟ ಜನರಿದ್ದರು. ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪ್ರಕಾರ ಪಾರಧಿ, ಕೈಕಾಡಿ ಮುಂತಾದ ಸಮುದಾಯಗಳವರನ್ನು ತಂತಿಬೇಲಿಯ ಒಳಗೆ ಇರಿಸಿ, ಹಾಜರಿ ತೆಗೆದುಕೊಂಡು, ಮಿಲ್ಲಿಗೆ ದುಡಿಯಲು ಕಳಿಸುತ್ತಿದ್ದರು. ಕಾಯ್ದೆ ರದ್ದಾದದ್ದು 1952ರಲ್ಲಿ. ಆ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಉಳಿದುಕೊಂಡಿದೆ. ನೀಲವ್ವನ ರೀಲಿಂಗ್ ಖಾತೆಯಲ್ಲಿ ಪಕ್ಕದ ಜಾಗದಲ್ಲಿ ಕೆಲಸ ಮಾಡುವವಳು ಹಾಜರಿಯ ಹೊತ್ತಿಗೆ ಬೇಲಿಯೊಳಗೆ ಮರಳಬೇಕಾದವಳು. ಆ ಪಾತ್ರವನ್ನು ಕಟ್ಟುವಾಗ ನಾನು ಅವಳ ಹಾಳೆಯಲ್ಲಿ ಎರಡು ಕಲಂ ಮಾಡಿದೆ. ಸರಕಾರ ಅವಳ ಬಗ್ಗೆ ಬರೆದದ್ದು ಒಂದರಲ್ಲಿ, ಅವಳೇ ತನ್ನ ಬಗ್ಗೆ ಹೇಳಿಕೊಳ್ಳುವುದು ಇನ್ನೊಂದರಲ್ಲಿ. ಮೊದಲನೆಯದು ಮೂರು ಶಬ್ದ. ಎರಡನೆಯದರಲ್ಲಿ ಅವಳ ಅಜ್ಜಿ ಕಲಿಸಿದ ಗಿಡಮೂಲಿಕೆ, ನಡೆದುಹೋದ ಹಾದಿಗಳು, ಮಗನಿಗೆ ಇಟ್ಟ ಹೆಸರು. ಆಟದಲ್ಲಿ ಪೊಲೀಸರು ಓದುವುದು ಮೊದಲನೆಯ ಕಲಂ. ನೀಲವ್ವನಿಗೆ ಎರಡನೆಯದು ಗೊತ್ತಾಗಬೇಕಾದರೆ ಅವಳ ಪಕ್ಕ ಕೂತು ಬುತ್ತಿ ಬಿಚ್ಚಬೇಕು.

ದೇವರ ಸಂಗತಿ ಹೇಳದೆ ಬಿಡುವಂತಿಲ್ಲ. ಹನ್ನೆರಡನೇ ಶತಮಾನದಲ್ಲಿ ಕೆರೆ ಕಟ್ಟಿಸಿದ ಸೊನ್ನಲಿಗೆಯ ಸಿದ್ಧರಾಮ ಈ ಊರಿಗೆ ಕೇವಲ ಗುಡಿಯ ದೇವರಲ್ಲ, ಎಲ್ಲರ ಮನೆಯ ಹಿರಿಯ. ರಾಘವಾಂಕ ಅವನ ಚರಿತೆ ಬರೆದ. ನಮ್ಮ ಕಾಲದಲ್ಲಿ ಇದೇ ಊರಿನ ಜಯದೇವಿತಾಯಿ ಲಿಗಾಡೆ ಅವನ ಪುರಾಣವನ್ನು ತ್ರಿಪದಿಯಲ್ಲಿ ಹಾಡಿದರು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಸಿದ್ಧರಾಮನನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದ ಕುಂಬಾರರ ಮಗಳಿಗೆ ಅವನು ತನ್ನ ಯೋಗದಂಡ ಕೊಟ್ಟನಂತೆ. ಸಂಕ್ರಾಂತಿಯ ಜಾತ್ರೆಯಲ್ಲಿ ಊರು ಆ ಮದುವೆಯನ್ನೇ ಪ್ರತಿ ವರ್ಷ ಮಾಡುತ್ತದೆ: ಬಾರಾಬಂದಿ ತೊಟ್ಟವರು ಏಳು ನಂದಿಧ್ವಜಗಳನ್ನು, ಅಂದರೆ ಕಾಠಿಗಳನ್ನು, ಹೊತ್ತು ಬರುತ್ತಾರೆ, ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ ಬೀಳುತ್ತದೆ. ಯಾವ ಕಾಠಿ ಯಾವ ಸಮಾಜದ ಮಾನ ಎಂಬುದು ತಲೆಮಾರುಗಳಿಂದ ಬಂದದ್ದು. ನನ್ನ ಪ್ರಕಾರ ಈ ಊರಿನ ಯಾವ ಪಾತ್ರಕ್ಕಾದರೂ ಕೇಳಲೇಬೇಕಾದ ಪ್ರಶ್ನೆ: ಅಕ್ಷತೆಯ ದಿನ ನೀನು ಎಲ್ಲಿ ನಿಂತಿರುತ್ತಿ? ಕಾಠಿ ಹೊರುವವನೋ, ಮಾಳಿಗೆಯಿಂದ ನೋಡುವವಳೋ, ಆ ಹೊತ್ತಿಗೂ ಪಾಳಿ ಬಿಡಲಾಗದವಳೋ? ನಮ್ಮ ಅಂಬಯ್ಯನ ಪಾತ್ರಧಾರಿ ಈ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಉಳಿದದ್ದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆದುಕೊಂಡ.

ಹಾಳೆಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ ಎನ್ನುತ್ತೇನೆ. ಪೂರ್ವಕಥೆ ಆಟ ಶುರುವಾಗುವ ಮೊದಲೇ ಮುಗಿದುಬಿಟ್ಟರೆ ಆಟಗಾರ ಅದನ್ನು ಕಾಯುತ್ತ ಕೂರುತ್ತಾನೆ. ಸೂತ್ರಧಾರನಾದವನು ಪ್ರತಿ ಹಾಳೆಯಿಂದ ಒಂದು ಹೆಸರನ್ನಾದರೂ ಮೊದಲ ಬೈಠಕ್ಕಿನಲ್ಲೇ ಬಾಗಿಲು ತಟ್ಟಿಸಬೇಕು. ಎರಡು ಮೂರು ಬೈಠಕ್ಕಾದರೂ ಯಾರೂ ಮುಟ್ಟದ ಸಾಲಿದ್ದರೆ ಅಳಿಸಬೇಕು, ಎಷ್ಟೇ ಚೆನ್ನಾಗಿದ್ದರೂ. ಆಟದ ನಡುವೆ ಬಾಯಿಗೆ ಬಂದದ್ದು ಉಳಿಯುವಂಥದ್ದಾದರೆ ಕೂಡಲೇ ಬರೆದುಕೊಳ್ಳಬೇಕು.

ಹೋದ ವಾರ ನೀಲವ್ವ ಮಿಲ್ಲಿನ ಗೇಟಿನಲ್ಲಿ ಜಾಬರನನ್ನು ಹಿಡಿಯುತ್ತಾಳೆ ಎಂದುಕೊಂಡು ನಾನು ಅವನ ಮಾತನ್ನೆಲ್ಲ ಕಟ್ಟಿಟ್ಟಿದ್ದೆ. ಹುಡುಗಿ ದಾಳ ಮುಟ್ಟಲಿಲ್ಲ. ‘ಅವನ ಹತ್ರ ಯಾಕ ಹೋಗ್ಲಿ ಮಾಮಾ? ಅವನ ಹೇಣ್ತಿ ನಮ್ಮ ಕಡೀಕಿ ಇರಬೇಕಲ್ಲ, ಬಾಗಿನ ತಗೊಂಡು ಅಕಿ ಮನಿಗೇ ಹೋಗ್ತೀನಿ’ ಎಂದಳು. ಜಾಬರನಿಗೆ ಹೆಂಡತಿ ಇದ್ದಾಳೆಂದು ಯಾವ ಹಾಳೆಯಲ್ಲೂ ಇರಲಿಲ್ಲ. ಈಗ ಅವಳಿಗೊಂದು ಹೆಸರು ಬೇಕು, ತವರೂರು ಬೇಕು, ಗಂಡನ ಮೇಲೆ ಅವಳಿಗಿರುವ ಸಿಟ್ಟು ಏನೆಂದು ಮುಂದಿನ ಭಾನುವಾರದೊಳಗೆ ನಾನು ಯೋಚಿಸಿಡಬೇಕು.